ಸೂಲಗಿತ್ತಿ ನರಸಮ್ಮನವರ ಬದುಕು ಮತ್ತು ನಮ್ಮ ಗುಂಪುಗಳ ಹೊಣೆ

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ನಿವೃತ್ತ ಕಾಲೇಜು ಉಪನ್ಯಾಸಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



 ಈ ಸಭೆಯಲ್ಲಿ ಗಂಗೊಳ್ಳಿ, ಮರವಂತೆ ಕಡೆಯಿಂದ ಬೆಳಗಿನ ಮೀನು ಮಾರಿ ಬಂದವರಿದ್ದೀರಿ. ಗೇರುಬೀಜದ ಕಾರ್ಖಾನೆಗೆ ಅರ್ಧ ದಿನದ ರಜೆ ಹಾಕಿ ಬಂದವರಿದ್ದೀರಿ. ಬೀಡಿ ಕಟ್ಟುವವರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡವರು, ಎಲ್ಲರೂ ಇದ್ದೀರಿ. ಮನೆಯ ಕೆಲಸ ಮುಗಿಸಿ, ಬಸ್ಸು ಹಿಡಿದು ಇಲ್ಲಿಗೆ ಬರುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಆದ್ದರಿಂದ ನಿಮ್ಮ ಸಮಯ ವ್ಯರ್ಥವಾಗದಂತೆ ಮಾತನಾಡಲು ಪ್ರಯತ್ನಿಸುತ್ತೇನೆ.

ಜನಸೇವೆಯಲ್ಲಿ, ರೋಗಿಗಳ ಶುಶ್ರೂಷೆಯಲ್ಲಿ ಬಾಳು ಸವೆಸಿದ ಒಬ್ಬ ಮಹಿಳೆಯ ಬಗ್ಗೆ ಮಾತನಾಡಿ ಎಂದು ಸಂಘಟಕರು ನನ್ನನ್ನು ಕೇಳಿದರು. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರು ಬರುತ್ತದೆ. ಅವರು ಹುಟ್ಟಿದ ಮೇ 12ನ್ನೇ ದಾದಿಯರ ದಿನವೆಂದು ಜಗತ್ತು ಆಚರಿಸುತ್ತದೆ. ಅವರ ವಿಷಯವನ್ನೂ ನಾನು ಸ್ವಲ್ಪ ಹೇಳುವವಳಿದ್ದೇನೆ. ಆದರೆ ಮೊದಲು ನಮ್ಮದೇ ರಾಜ್ಯದ, ಓದು ಬರಹ ಬಾರದ, ಕೂಲಿ ಮಾಡಿ ಬದುಕಿದ ಒಬ್ಬ ತಾಯಿಯ ಬಗ್ಗೆ ಹೇಳಬೇಕು. ಅವರು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು. ಅವರ ಕೆಲಸದ ಹೆಸರೇ ಅವರ ಹೆಸರಿನ ಹಿಂದೆ ಸೇರಿಕೊಂಡಿದೆ. ಎಲ್ಲರೂ ಅವರನ್ನು ಸೂಲಗಿತ್ತಿ ನರಸಮ್ಮ ಎಂದೇ ಕರೆಯುತ್ತಾರೆ.

ಹನ್ನೆರಡನೇ ವಯಸ್ಸಿನ ಮದುವೆ

ಪಾವಗಡವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ನಮ್ಮ ಹಾಗೆ ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಮಳೆ ಹೊಯ್ಯುವ ಸೀಮೆ ಅದಲ್ಲ. ಮೂರು ಕಡೆಯಿಂದ ಆಂಧ್ರಪ್ರದೇಶ ಸುತ್ತುವರಿದ ಬರಗಾಲದ ನಾಡು. ಕನ್ನಡವೂ ತೆಲುಗೂ ಬೆರೆತು ಮಾತನಾಡುವ ಊರುಗಳು. ಅಂಥ ಊರೊಂದರಲ್ಲಿ 1920ರಲ್ಲಿ ನರಸಮ್ಮ ಹುಟ್ಟಿದರು. ಶಾಲೆಗೆ ಹೋಗಲಿಲ್ಲ. ಹನ್ನೆರಡು ವರ್ಷಕ್ಕೆ ಅಂಜಿನಪ್ಪ ಎಂಬವರೊಡನೆ ಮದುವೆಯಾಯಿತು.

ಹನ್ನೆರಡು ವರ್ಷವೆಂದರೆ ಇವತ್ತು ಆರನೇ ತರಗತಿಯೋ ಏಳನೇ ತರಗತಿಯೋ ಓದುವ ಮಗು. ಆಗ ಪಾವಗಡ ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿ 1894ರಲ್ಲಿ ಬಂದ ಬಾಲ್ಯವಿವಾಹದ ಕಾಯಿದೆ ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು ತಡೆಯುತ್ತಿತ್ತು. ಎಂಟು ತುಂಬಿದ ಹುಡುಗಿಗೆ ಮದುವೆ ಮಾಡಿದರೆ ಆ ನಿಯಮ ಅಡ್ಡ ಬರುತ್ತಿರಲಿಲ್ಲ. ಆದ್ದರಿಂದ ನರಸಮ್ಮನವರ ಮದುವೆಯಲ್ಲಿ ಯಾರಿಗೂ ತಪ್ಪು ಕಾಣಿಸಿರಲಿಕ್ಕಿಲ್ಲ. ಕಾನೂನು ಇಲ್ಲದ ಕಡೆ ಅನ್ಯಾಯಕ್ಕೆ ಹೆಸರೂ ಇರುವುದಿಲ್ಲ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ನರಸಮ್ಮನವರಿಗೆ ಹನ್ನೆರಡು ಮಕ್ಕಳಾದವು. ಅವುಗಳಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ ತಾಯಿ ಊರಿನ ಬೇರೆ ಮಕ್ಕಳನ್ನು ಉಳಿಸಲು ಹೊರಟಳು. ಅವರನ್ನು ಹೊಗಳುವವರು ಈ ಸಂಕಟವನ್ನು ಒಂದೇ ಸಾಲಿನಲ್ಲಿ ದಾಟಿ ಹೋಗುತ್ತಾರೆ. ನಾವು ಹಾಗೆ ಮಾಡಬಾರದು. ಹಿಂದಿನ ಕಾಲವೇ ಚೆನ್ನಾಗಿತ್ತು, ಆಗ ಎಲ್ಲ ಹೆರಿಗೆಗಳೂ ಮನೆಯಲ್ಲೇ ಸುಸೂತ್ರವಾಗಿ ಆಗುತ್ತಿದ್ದವು ಎಂದು ಯಾರಾದರೂ ಹೇಳಿದರೆ ಆ ನಾಲ್ಕು ಮಕ್ಕಳನ್ನು ನೆನಪಿಸಿ.

ಅಜ್ಜಿಯಿಂದ ಕಲಿತ ವಿದ್ಯೆ

ನರಸಮ್ಮನವರ ಅಜ್ಜಿ ಮರಿಗೆಮ್ಮ ಸೂಲಗಿತ್ತಿಯಾಗಿದ್ದರು. ನರಸಮ್ಮನವರ ಐದು ಹೆರಿಗೆಗಳನ್ನು ಈ ಅಜ್ಜಿಯೇ ಮಾಡಿಸಿದ್ದರು. ಆ ವಿದ್ಯೆಯನ್ನು ಮೊಮ್ಮಗಳು ನೋಡಿ ನೋಡಿ ಕಲಿತಳು. 1940ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ತನ್ನ ಸಂಬಂಧಿ ಕನಕಮ್ಮನವರ ಹೆರಿಗೆಗೆ ನೆರವಾದದ್ದು ಅವರ ಮೊದಲ ಕೆಲಸ. ಊರಿಗೆ ಬಂದು ಬಿಡಾರ ಹಾಕುತ್ತಿದ್ದ ಅಲೆಮಾರಿ ಜನರಿಂದ ಬಸುರಿ ಬಾಣಂತಿಯರಿಗೆ ಕೊಡುವ ನಾರುಬೇರಿನ ಔಷಧಿಗಳನ್ನೂ ಕಲಿತರು. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಯಾವ ಉಪಕರಣವೂ ಇಲ್ಲದೆ, ಮಗುವಿನ ಸ್ಥಿತಿಯನ್ನು ತಿಳಿಯಬಲ್ಲರು ಎಂದು ಅವರಿಗೆ ಹೆಸರಿತ್ತು.

ಹೀಗೆ ಸುಮಾರು 70 ವರ್ಷಗಳ ಕಾಲ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ಒಂದಕ್ಕೂ ಶುಲ್ಕ ಎಂದು ಹಣ ಕೇಳಲಿಲ್ಲ. ಹೊಟ್ಟೆಪಾಡಿಗೆ ಹೊಲದ ಕೂಲಿ. ಸೂಲಗಿತ್ತಿಯ ಕೆಲಸ ಮಾತ್ರ ಪುಕ್ಕಟೆ.

ನನ್ನ ವಯಸ್ಸಿನವರು ಹೆರಿಗೆ ಮಾಡಿಸುವ ಅಜ್ಜಿಯನ್ನು ಕಂಡಿರುತ್ತೀರಿ. ರಾತ್ರಿ ಎಷ್ಟು ಹೊತ್ತಿಗೆ ಕರೆ ಬಂದರೂ ಏಳಬೇಕು. ಸೂಡಿ ಹಿಡಿದು ಗದ್ದೆಯ ಅಂಚಿನ ಮೇಲೆ ನಡೆಯಬೇಕು. ಹೆರಿಗೆ ಒಂದು ಗಂಟೆಯಲ್ಲಿ ಆದೀತು, ಎರಡು ದಿನ ಹಿಡಿದೀತು. ಮಗುವನ್ನು ಕೈಗೆ ತೆಗೆದುಕೊಳ್ಳುವುದು, ಮಾಸು ಬೀಳುವವರೆಗೆ ಕಾಯುವುದು, ರಕ್ತದ ಬಟ್ಟೆ ತೊಳೆಯುವುದು, ಆಮೇಲೆ ದಿನವೂ ಬಂದು ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದು, ಇವೆಲ್ಲ ಅವಳ ಪಾಲಿನ ಕೆಲಸ. ಅದಕ್ಕೆ ಸಿಗುವುದು ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಒಂದು ಹಳೆಯ ಸೀರೆ. ಇಷ್ಟಾದ ಮೇಲೂ ಎಷ್ಟೋ ಮನೆಗಳಲ್ಲಿ ಸೂತಕದ ಹೆಸರಿನಲ್ಲಿ ಅವಳನ್ನು ಜಗಲಿಯ ಹೊರಗೇ ಕೂರಿಸುತ್ತಿದ್ದರು. ಜೀವ ಉಳಿಸಲು ಅವಳ ಕೈ ಬೇಕು, ಊಟಕ್ಕೆ ಕೂರಿಸಲು ಆ ಕೈ ಬೇಡ. ಹೆಂಗಸರು ಮಾಡುವ ಕೆಲಸವನ್ನು ಈ ಸಮಾಜ ಸೇವೆ ಎನ್ನುತ್ತದೆ, ತ್ಯಾಗ ಎನ್ನುತ್ತದೆ, ಕೆಲಸ ಎಂದು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನರಸಮ್ಮನವರಿಗೆ ಮನ್ನಣೆ ಬಂದದ್ದು ತೊಂಬತ್ತರ ಮೇಲೆ. 2012ರಲ್ಲಿ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ, 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ವಿಶ್ವವಿದ್ಯಾನಿಲಯವೇ ಡಾಕ್ಟರೇಟ್ ಕೊಟ್ಟಿತು. ಅದೇ 2018ರ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟರೊಳಗೆ ತಮ್ಮ ವಿದ್ಯೆಯನ್ನು 180 ಮಂದಿಗೆ ಕಲಿಸಿದ್ದರು.

ಇವತ್ತು ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದು ಬಹಳ ಒಳ್ಳೆಯದು. ರಕ್ತಸ್ರಾವವಾದರೆ, ಮಗು ಅಡ್ಡ ತಿರುಗಿದ್ದರೆ, ತಾಯಿಗೆ ರಕ್ತದೊತ್ತಡ ಏರಿದರೆ ಆಸ್ಪತ್ರೆಯೇ ಬೇಕು. ನಮ್ಮ ಉಡುಪಿಯಲ್ಲಿ 1923ರಲ್ಲೇ ಸ್ವಿಟ್ಸರ್ಲೆಂಡಿನ ವೈದ್ಯೆ ಡಾ. ಈವಾ ಲೊಂಬಾರ್ಡ್ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದ್ದರಿಂದ ಎಷ್ಟು ತಾಯಂದಿರು ಉಳಿದರು ಎಂಬುದನ್ನು ಹಿರಿಯರು ಹೇಳುತ್ತಾರೆ. ಆದ್ದರಿಂದ ನರಸಮ್ಮನವರ ನೆನಪಿನಲ್ಲಿ ಮನೆ ಹೆರಿಗೆಗೆ ಹಿಂತಿರುಗೋಣ ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಸೂಲಗಿತ್ತಿಯರು ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ಹೆರಿಗೆ ಆಸ್ಪತ್ರೆಗೆ ಹೋದಾಗ ಆ ಕೆಲಸ ಯಾರ ಕೈಗೂ ಸೇರದೆ ನಡುವೆಯೇ ಉಳಿಯಿತು. ನಾನು ಇವತ್ತು ಹೇಳಬೇಕೆಂದಿರುವುದು ಅದನ್ನೇ.

ಬಾಣಂತಿಯ ಬೆನ್ನು ಕಂಡವಳು

ಸೂಲಗಿತ್ತಿ ಮನೆಯ ಒಳಗೆ ಬರುವವಳು. ಮಾವ, ಭಾವ, ನೆರೆಯವರು ಯಾರೂ ಕಾಣದ್ದನ್ನು ಕಾಣುವವಳು. ಬಾಣಂತಿಗೆ ಎಣ್ಣೆ ಹಚ್ಚುವಾಗ ಅವಳ ಬೆನ್ನು, ತೋಳು, ತೊಡೆ ಎಲ್ಲವೂ ಅವಳ ಕೈಗೆ ತಿಳಿಯುತ್ತಿತ್ತು.

1970ರ ಆಸುಪಾಸಿನಲ್ಲಿ, ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ನಮ್ಮ ಅಜ್ಜಿ ಮನೆಗೆ ಹೆರಿಗೆ ಮಾಡಿಸುವ ಹೆಂಗಸೊಬ್ಬರು ಬರುತ್ತಿದ್ದರು. ಒಂದು ದಿನ ಅಡಿಗೆ ಮನೆಯ ಬಾಗಿಲಲ್ಲಿ ಕುಳಿತು, ಬೇರೆ ಮನೆಯ ಬಾಣಂತಿಯೊಬ್ಬಳ ವಿಷಯವನ್ನು ನಮ್ಮಜ್ಜಿಯ ಹತ್ತಿರ ಮೆಲುದನಿಯಲ್ಲಿ ಹೇಳುತ್ತಿದ್ದರು. ಆ ಹುಡುಗಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ ಎಂದಿದ್ದಳಂತೆ. "ಬಾಯಿ ಸುಳ್ ಹೇಳುದ್, ಬೆನ್ನ್ ಸುಳ್ ಹೇಳುದಿಲ್ಲ ಕಾಣಿ" ಎಂದು ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ನಮ್ಮಜ್ಜಿ ಮಾತನಾಡದೆ ಅವರಿಗೆ ಎಲೆಅಡಿಕೆ ಕೊಟ್ಟರು. ಮಾತು ಅಲ್ಲಿಗೇ ನಿಂತಿತು.

ಆ ಹೆಂಗಸು ಇನ್ನೇನು ಮಾಡಬಹುದಿತ್ತು? ಯಾರಿಗೆ ಹೇಳಬೇಕಿತ್ತು? ಹೆಂಡತಿಗೆ ಹೊಡೆಯುವುದನ್ನು ಗಂಡನ ಹಕ್ಕು ಎಂದೇ ತಿಳಿದಿದ್ದ ಕಾಲ. ಗಂಡನ ಮನೆಯ ಕ್ರೌರ್ಯವನ್ನು ಪ್ರತ್ಯೇಕ ಅಪರಾಧವೆಂದು ಕಾನೂನು ಒಪ್ಪಿಕೊಂಡದ್ದು 1983ರಲ್ಲಿ, 498ಎ ಕಲಮು ಬಂದಾಗ. ಅಲ್ಲಿಯವರೆಗೆ ಸೂಲಗಿತ್ತಿಯರು ಕಂಡದ್ದೆಲ್ಲ ಅವರ ಎದೆಯಲ್ಲೇ ಉಳಿಯಿತು, ಅವರೊಂದಿಗೇ ಮಣ್ಣಾಯಿತು. ಬರೆದಿಡಲು ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಬರೆದರೂ ಓದುವವರಿರಲಿಲ್ಲ. 15,000 ಹೆರಿಗೆ ಮಾಡಿಸಿದ ನರಸಮ್ಮನವರಂಥ ತಾಯಂದಿರ ಕೈಗಳಿಗೆ ಎಷ್ಟು ಮನೆಗಳ ಗುಟ್ಟು ತಿಳಿದಿದ್ದೀತು ಎಂದು ನಾನು ಯೋಚಿಸುತ್ತೇನೆ.

ಎಣಿಸಿದ ದಾದಿ

ಈಗ ಫ್ಲಾರೆನ್ಸ್ ನೈಟಿಂಗೇಲ್ ಅವರ ಮಾತು. ದೀಪ ಹಿಡಿದು ರಾತ್ರಿ ರೋಗಿಗಳ ನಡುವೆ ನಡೆದ ದಾದಿ ಎಂದು ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ. ಅದು ನಿಜ. ಆದರೆ ಅವರು ಲೋಕವನ್ನು ಬದಲಿಸಿದ್ದು ದೀಪ ಒಂದರಿಂದಲೇ ಅಲ್ಲ, ಲೆಕ್ಕದ ಪುಸ್ತಕದಿಂದಲೂ ಹೌದು.

1854ರ ನವೆಂಬರಿನಲ್ಲಿ 38 ಮಂದಿ ಹೆಂಗಸರೊಂದಿಗೆ ಅವರು ಟರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದರು. ಕ್ರಿಮಿಯಾ ಯುದ್ಧದ ಕಾಲ. ಸೈನಿಕರು ಯುದ್ಧದ ಗಾಯದಿಂದ ಸಾಯುತ್ತಿದ್ದಾರೆ ಎಂದೇ ಇಂಗ್ಲೆಂಡಿನ ಜನ ತಿಳಿದಿದ್ದರು. ಸತ್ತವರೆಷ್ಟು, ಯಾವ ತಿಂಗಳಲ್ಲಿ, ಯಾವ ಕಾರಣದಿಂದ ಎಂದು ನೈಟಿಂಗೇಲ್ ಪಟ್ಟಿ ಮಾಡಿಸಿದರು. ಗಾಯದಿಂದ ಸತ್ತವರಿಗಿಂತ ಹಲವು ಪಟ್ಟು ಜನ ಕಾಲರಾ, ಭೇದಿ, ಜ್ವರಗಳಿಂದ, ಅಂದರೆ ಕೊಳಕಿನಿಂದ ಸತ್ತಿದ್ದರು. ಆ ಲೆಕ್ಕವನ್ನು ಮಂತ್ರಿಗಳ ಮುಂದೆ, ರಾಣಿಯ ಮುಂದೆ ಚಿತ್ರ ಬರೆಸಿ ಇಟ್ಟರು. 1858ರಲ್ಲಿ ಲಂಡನ್ನಿನ ಅಂಕಿಅಂಶ ಶಾಸ್ತ್ರದ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡಿತು. 1860ರಲ್ಲಿ ಅವರ ಹೆಸರಿನ ದಾದಿಯರ ಶಾಲೆ ಆರಂಭವಾಯಿತು.

ನಮ್ಮ ದೇಶಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿಯ ಸೈನಿಕ ಶಿಬಿರಗಳಿಂದ ವರದಿಗಳನ್ನು ತರಿಸಿಕೊಂಡು, ಹಾಸಿಗೆ ಹಿಡಿದಿದ್ದಾಗಲೇ ಅವನ್ನು ಪರಿಶೀಲಿಸಿದರು. ಇಲ್ಲಿ ವರ್ಷಕ್ಕೆ ಸಾವಿರ ಬ್ರಿಟಿಷ್ ಸೈನಿಕರಲ್ಲಿ 69 ಮಂದಿ ಸಾಯುತ್ತಿದ್ದಾರೆ ಎಂದು 1863ರ ವರದಿ ತೋರಿಸಿತು. ನೀರು, ಚರಂಡಿ, ವಸತಿ ಸುಧಾರಿಸಿದ ಮೇಲೆ ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತು. ಆಮೇಲೆ ಅವರ ಗಮನ ನಮ್ಮ ಹಳ್ಳಿಗಳ ನೀರು, ನೈರ್ಮಲ್ಯ, ಬರಗಾಲದ ಕಡೆಗೂ ತಿರುಗಿತು.

ಸೇವೆ ಮಾಡುವ ಕೈಯೇ ಲೆಕ್ಕವನ್ನೂ ಬರೆಯಬೇಕು ಎಂಬುದು ಅವರ ಜೀವನದ ಪಾಠ. ಸಾವನ್ನು ಎಣಿಸದಿದ್ದರೆ ಅದನ್ನು ವಿಧಿ ಎನ್ನುತ್ತಾರೆ. ಎಣಿಸಿ ಕಾರಣ ಬರೆದರೆ ಅದಕ್ಕೆ ಹೊಣೆಗಾರರು ಯಾರು ಎಂದು ಕೇಳಬಹುದು.

ಸ್ಟವ್ ಯಾಕೆ ಸೊಸೆಯಂದಿರ ಮೇಲೆಯೇ ಸಿಡಿಯುತ್ತದೆ?

ನಮ್ಮ ರಾಜ್ಯದಲ್ಲಿ ಹೆಂಗಸರೇ ಹೀಗೆ ಎಣಿಸಿದ ಒಂದು ಉದಾಹರಣೆ ಇದೆ. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ಆಸ್ಪತ್ರೆಯ ಸುಟ್ಟ ಗಾಯದ ವಾರ್ಡಿಗೂ ಪೊಲೀಸ್ ಠಾಣೆಗಳಿಗೂ ಹೋಗಿ ವಿವರ ಕೂಡಿಸತೊಡಗಿದರು. 1997ರಿಂದ 1999ರ ಮಧ್ಯದವರೆಗೆ ಬೆಂಗಳೂರಿನಲ್ಲಿ 1,133 ಮಹಿಳೆಯರ ಅಸಹಜ ಸಾವುಗಳು ದಾಖಲಾಗಿದ್ದವು. ಅವುಗಳಲ್ಲಿ ಕೊಲೆ ಎಂದು ಪರಿಗಣಿಸಿದ್ದು 157. ಆತ್ಮಹತ್ಯೆ ಎಂದದ್ದು 546. ಉಳಿದ 430ಕ್ಕೆ ಹಚ್ಚಿದ ಹೆಸರು ಆಕಸ್ಮಿಕ. ಆ ಆಕಸ್ಮಿಕಗಳಲ್ಲಿ ಪದೇ ಪದೇ ಬರುತ್ತಿದ್ದ ಕಾರಣ ಸ್ಟವ್ ಸಿಡಿತ.

ಒಂದೇ ಸ್ಟವ್ವಿನ ಮುಂದೆ ಅತ್ತೆಯೂ ಅಡಿಗೆ ಮಾಡುತ್ತಾಳೆ, ನಾದಿನಿಯೂ ಮಾಡುತ್ತಾಳೆ. ಅದು ಸಿಡಿಯುವುದು ಮಾತ್ರ ಮದುವೆಯಾಗಿ ಬಂದ ಹುಡುಗಿಯ ಮೇಲೆ ಯಾಕೆ? ಒಂದೊಂದು ಸಾವನ್ನೂ ಬೇರೆಯಾಗಿ ನೋಡಿದರೆ ಇದು ಕಾಣುವುದಿಲ್ಲ. ಸಾಲಾಗಿ ಬರೆದಿಟ್ಟರೆ ಕಾಣುತ್ತದೆ.

ಸುಟ್ಟ ಗಾಯದ ಹೆಂಗಸಿನ ಹಾಸಿಗೆಯ ಬಳಿ ಗಂಡನ ಮನೆಯವರು ನಿಂತಿರುತ್ತಾರೆ. ಅವರ ಎದುರಿನಲ್ಲಿ ಅವಳು ಸ್ಟವ್ ಸಿಡಿಯಿತು ಎಂದೇ ಹೇಳುತ್ತಾಳೆ. ಮನೆಯಲ್ಲಿ ಮಕ್ಕಳಿದ್ದಾರೆ, ಬದುಕಿದರೆ ಅಲ್ಲಿಗೇ ಹಿಂತಿರುಗಬೇಕು. ರಾತ್ರಿ ಅವರೆಲ್ಲ ಹೊರಗೆ ಹೋದ ಮೇಲೆ ಗಾಯಕ್ಕೆ ಮದ್ದು ಹಚ್ಚುವ ದಾದಿಯ ಹತ್ತಿರ ಅವಳು ನಿಜ ಹೇಳಬಹುದು. ಆ ದಾದಿ ಅದನ್ನು ಕೂಡಲೇ ವೈದ್ಯರಿಗೆ ತಿಳಿಸಿ ಹೇಳಿಕೆ ಬರೆಸಿದರೆ ಅದು ಮರಣಕಾಲದ ಹೇಳಿಕೆಯಾಗಿ ನ್ಯಾಯಾಲಯದಲ್ಲಿ ನಿಲ್ಲುತ್ತದೆ. ಬರೆಸದಿದ್ದರೆ ಅವಳ ಜೊತೆಗೇ ಸುಟ್ಟು ಹೋಗುತ್ತದೆ.

ನಮ್ಮ ಜಿಲ್ಲೆಯ ಮಾತು

ನಮ್ಮದು ವಿದ್ಯಾವಂತರ ಜಿಲ್ಲೆ, ಇಲ್ಲಿ ಇಂಥದ್ದೆಲ್ಲ ಕಡಿಮೆ ಎಂದು ನಾವು ಹೆಮ್ಮೆಪಡುತ್ತೇವೆ. ನಮ್ಮಲ್ಲಿ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟು ಇತ್ತು, ಹೆಣ್ಣಿಗೆ ಮೂಲಮನೆಯಲ್ಲಿ ಹಕ್ಕಿತ್ತು ಎಂಬುದೂ ನಿಜ. ಆದರೆ ವರದಕ್ಷಿಣೆ ಎಂಬ ಪಿಡುಗು ಆ ಮನೆಗಳ ಹೊಸ್ತಿಲನ್ನೂ ದಾಟಿ ಬಂದಿದೆ. ಎಷ್ಟು ಪವನ್ ಹಾಕುತ್ತಾರೆ, ಹಾಲ್ ಯಾವುದು, ಎಷ್ಟು ಜನರ ಊಟ ಎಂದು ಕೇಳುವುದು ಈಗ ಮರ್ಯಾದೆಯ ಮಾತಾಗಿದೆ. ಕೇಳದೆ ಕೊಟ್ಟದ್ದು ವರದಕ್ಷಿಣೆಯಲ್ಲ ಎಂದು ವಾದ ಮಾಡುವವರಿದ್ದಾರೆ. ಕೊಡದಿದ್ದರೆ ಹುಡುಗಿ ಏನೇನು ಕೇಳಬೇಕಾಗುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು.

ಅದೇ 2019-21ರ ಸಮೀಕ್ಷೆ ಇನ್ನೊಂದು ಅಂಕಿಯನ್ನೂ ಹೇಳಿದೆ. ಕರ್ನಾಟಕದಲ್ಲಿ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಈ ಸಭೆಯಲ್ಲಿ ನೀವು ಕುಳಿತಿರುವ ಸಾಲನ್ನೇ ನೋಡಿ. ಹತ್ತು ಜನರ ಸಾಲಿನಲ್ಲಿ ನಾಲ್ವರು. ಯಾರೂ ಕೈ ಎತ್ತಬೇಕಾಗಿಲ್ಲ. ಸುಮ್ಮನೆ ಯೋಚಿಸಿ ಸಾಕು.

ಇನ್ನೊಂದು ಮಾತನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇನೆ. ನಮ್ಮ ಗುಂಪುಗಳ ಸಾಲ ಎಲ್ಲಿಗೆ ಹೋಗುತ್ತಿದೆ? ದನ, ಹೊಲಿಗೆ ಮಿಷನ್, ಮನೆ ದುರಸ್ತಿ ಎಂದು ಬರೆದು ತೆಗೆದುಕೊಂಡ ಹಣದಲ್ಲಿ ಎಷ್ಟು ಮಗಳ ಮದುವೆಯ ಚಿನ್ನಕ್ಕೆ ಹೋಗಿದೆ? ಹೆಂಗಸರು ಒಗ್ಗಟ್ಟಾಗಿ ಕೂಡಿಸಿದ ದುಡ್ಡು ಇನ್ನೊಬ್ಬ ಹೆಣ್ಣಿನ ವರದಕ್ಷಿಣೆಯಾದರೆ ನಮ್ಮ ಸ್ವಾವಲಂಬನೆಗೆ ಏನರ್ಥ? ಅಷ್ಟೇ ಅಲ್ಲ. "ನಿನ್ನ ಗುಂಪಿನಿಂದ ಸಾಲ ತಾ" ಎಂದು ಗಂಡ ಪೀಡಿಸುವುದು, ತರದಿದ್ದರೆ ಹೊಡೆಯುವುದು, ತಂದರೆ ಕುಡಿದು ಮುಗಿಸುವುದು, ವಾರದ ಕಂತು ಮಾತ್ರ ಹೆಂಡತಿ ಬೀಡಿ ಕಟ್ಟಿ ತೀರಿಸುವುದು, ಇದು ವರದಕ್ಷಿಣೆಯ ಹೊಸ ರೂಪ. ತವರಿನಿಂದ ತರುವುದು ಮುಗಿದ ಮೇಲೆ ಗುಂಪಿನಿಂದ ತರಿಸುತ್ತಾರೆ. ಕಂತು ತಪ್ಪಿದ ಸದಸ್ಯೆಯನ್ನು ನಾವು ಸಭೆಯಲ್ಲಿ ನಿಲ್ಲಿಸಿ ಕೇಳುತ್ತೇವೆ. ಕಂತು ಯಾಕೆ ತಪ್ಪಿತು ಎಂದು ಅವಳ ಪಕ್ಕದಲ್ಲಿ ಕುಳಿತು ಕೇಳುವವರು ಯಾರು?

ನಮ್ಮ ಪುಸ್ತಕದಲ್ಲಿ ಏನು ಬರೆಯಬೇಕು?

ನರಸಮ್ಮನವರಿಗಿಲ್ಲದ ಒಂದು ಬಲ ನಿಮಗಿದೆ. ನಿಮ್ಮ ಗುಂಪಿನಲ್ಲಿ ಪುಸ್ತಕವಿದೆ, ಬರೆಯುವವರಿದ್ದಾರೆ, ವಾರ ವಾರ ಕೂಡುವ ಅಭ್ಯಾಸವಿದೆ. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕುತ್ತೀರಿ. ಅದೇ ಶಿಸ್ತನ್ನು ಹೆಂಗಸರ ಜೀವಕ್ಕೂ ತೋರಿಸಬೇಕು. ಕೆಲವು ಕೆಲಸಗಳನ್ನು ಹೇಳುತ್ತೇನೆ.

ಒಂದು. ಊರಿನಲ್ಲಿ ಬಸುರಿ ಬಾಣಂತಿಯರಿದ್ದರೆ ಗುಂಪಿನಿಂದ ಇಬ್ಬರು ಅವರ ಮನೆಗೆ ಹೋಗಿ ಬನ್ನಿ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಗೋಡೆಗಳ ನಡುವೆ ಒಬ್ಬಳೇ. ಆಶಾ ಕಾರ್ಯಕರ್ತೆ ಬರುತ್ತಾಳೆ, ತೂಕ ನೋಡುತ್ತಾಳೆ, ತಾಯಿ ಕಾರ್ಡಿನಲ್ಲಿ ಬರೆಯುತ್ತಾಳೆ. ಅವಳಿಗೆ ನೂರು ಮನೆಗಳ ಕೆಲಸವಿದೆ. ನೀವು ಹೋಗಿ ಹತ್ತು ನಿಮಿಷ ಕೂತು, ಅತ್ತೆ ಒಳಗೆ ಹೋದಾಗ "ಹೇಗಿದ್ದಿ ಮಗಾ" ಎಂದು ಕೇಳಿ. ಅವಳು ಹೇಳದಿದ್ದರೆ ಒತ್ತಾಯ ಬೇಡ, ಮತ್ತೆ ಹೋಗಿ.

ಎರಡು. ಹೊಡೆತ ತಿಂದವಳು ಬಂದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಯ ಹೇಗಾಯಿತು ಎಂಬುದನ್ನು ವೈದ್ಯರ ಹತ್ತಿರ ಅವಳೇ ಹೇಳಲಿ, ಚೀಟಿಯಲ್ಲಿ ಅದು ಹಾಗೆಯೇ ಬರಲಿ. ಜಾರಿ ಬಿದ್ದಳು ಎಂದು ಒಮ್ಮೆ ಬರೆಸಿದರೆ ಮುಂದೆ ಅದನ್ನು ಅಳಿಸುವುದು ಬಹಳ ಕಷ್ಟ. ಆಸ್ಪತ್ರೆಯ ಚೀಟಿ, ಗಾಯದ ಫೋಟೋ, ಮೊಬೈಲಿನಲ್ಲಿ ಬಂದ ಬೆದರಿಕೆ, ಎಲ್ಲವನ್ನೂ ನಂಬಿಕೆಯ ಒಬ್ಬರ ಹತ್ತಿರ ಇಡಿ.

ಮೂರು. ತಾರೀಕು, ವಾರ, ಏನಾಯಿತು, ಯಾರಿದ್ದರು ಎಂದು ಬರೆದಿಡಿ. ಅವಳ ಮಾತನ್ನು ಅವಳ ಮಾತಿನಲ್ಲೇ ಬರೆಯಿರಿ. ಆದರೆ ಅವಳ ಒಪ್ಪಿಗೆ ಇಲ್ಲದೆ ಬರೆಯಬೇಡಿ, ಸಭೆಯಲ್ಲಿ ಓದಬೇಡಿ. ಈ ಪುಸ್ತಕ ಉಳಿತಾಯದ ಪುಸ್ತಕದ ಜೊತೆಗಿರಬಾರದು. ಮೀನು ಮಾರ್ಕೆಟ್ಟಿನಲ್ಲಿ ಈ ಸುದ್ದಿ ಹರಡಿದರೆ ಹೊಡೆತ ಎರಡು ಪಟ್ಟಾಗುತ್ತದೆ. ಗುಟ್ಟು ಕಾಯುವುದನ್ನು ಸೂಲಗಿತ್ತಿಯರಿಂದ ಕಲಿಯಬೇಕು. ಅವರಿಗೆ ಸಿಗದಿದ್ದ ದಾರಿಯನ್ನು ಮಾತ್ರ ನಾವು ಬಳಸಬೇಕು.

ನಾಲ್ಕು. ಆ ದಾರಿ ಯಾವುದು? 2005ರಲ್ಲಿ ಆದ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯಿದೆಯ ಪ್ರಕಾರ ಹಿಂಸೆಯ ವಿಷಯವನ್ನು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕ್ರಮವಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿಗೆ ಬರುವ ಅದೇ ಇಲಾಖೆ, ನಿಮಗೆ ಪರಿಚಯದ್ದೇ. ಈ ಕಾಯಿದೆಯಡಿ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ, ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಮಹಿಳಾ ಸಹಾಯವಾಣಿ 181, ತುರ್ತು ಕರೆ 112. ಈ ಎರಡು ಸಂಖ್ಯೆಗಳನ್ನು ನಿಮ್ಮ ಪಾಸ್ ಪುಸ್ತಕದ ಹಿಂದೆ ಬರೆದುಕೊಳ್ಳಿ. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ, ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಮು. ಸಂಖ್ಯೆ ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ.

ಐದು. ಮದುವೆಯಲ್ಲಿ ಕೊಟ್ಟದ್ದನ್ನೆಲ್ಲ ಪಟ್ಟಿ ಮಾಡಿ ವಧೂವರರು ಸಹಿ ಹಾಕಿ ಇಟ್ಟುಕೊಳ್ಳಬೇಕೆಂದು 1985ರ ನಿಯಮವೇ ಇದೆ. ಎಷ್ಟು ಮನೆಗಳಲ್ಲಿ ಈ ಪಟ್ಟಿ ಇದೆ? 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ವರದಕ್ಷಿಣೆಯಾಗಿ ಬೇರೆಯವರ ಕೈ ಸೇರಿದ್ದು ಹೆಣ್ಣಿಗೇ ಸೇರಬೇಕು. ಪಟ್ಟಿ ಇಲ್ಲದಿದ್ದರೆ ಅವಳು ಬರಿಗೈಯಲ್ಲಿ ತವರಿಗೆ ಬರಬೇಕಾಗುತ್ತದೆ.

ಆರು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಆಗಲೇಬೇಕು. ತಹಸೀಲ್ದಾರರ ಸಮ್ಮುಖದಲ್ಲಿ ಮಹಜರು ನಡೆಸುವಂತೆ ಕೇಳಿ. ಊರ ಮರ್ಯಾದೆ ಎಂದು ಬೇಗ ಸುಡಲು ಹೊರಟವರನ್ನು ಗುಂಪಿನ ಹತ್ತು ಜನ ಒಟ್ಟಾಗಿ ನಿಲ್ಲಿಸಿ. ಒಬ್ಬಳಿಗೆ ಅದು ಆಗದು, ಹತ್ತು ಜನರಿಗೆ ಆಗುತ್ತದೆ.

ಕೊನೆಯದಾಗಿ, ಮುಂದಿನ ಸಭೆಯಲ್ಲೇ ಒಂದು ನಿರ್ಣಯ ಬರೆಯಿರಿ. ವರದಕ್ಷಿಣೆಗೆ ನಮ್ಮ ಗುಂಪಿನ ಸಾಲವಿಲ್ಲ. ಮಗಳ ಓದಿಗೆ, ತರಬೇತಿಗೆ, ಅವಳ ಹೆಸರಿನ ಠೇವಣಿಗೆ ಬೇಕಾದರೆ ಮೊದಲ ಸಾಲ ಅವಳಿಗೇ. ಗಂಡನ ಒತ್ತಾಯಕ್ಕೆ ಸಾಲ ಕೇಳಲು ಬಂದ ಸದಸ್ಯೆಗೆ "ಗುಂಪು ಕೊಡುವುದಿಲ್ಲ ಎಂದಿತು" ಎಂದು ಹೇಳಲು ಈ ನಿರ್ಣಯ ಒಂದು ಆಸರೆಯಾಗುತ್ತದೆ. ಬೈಗುಳ ಗುಂಪಿನ ಮೇಲೆ ಬರಲಿ, ಅವಳ ಬೆನ್ನಿನ ಮೇಲೆ ಪೆಟ್ಟು ಬೀಳದಿರಲಿ.

ಇದನ್ನೆಲ್ಲ ಮಾಡಿದರೆ ಊರಿನವರು ನಿಮ್ಮನ್ನು ಮನೆ ಮುರಿಯುವವರು ಎನ್ನುತ್ತಾರೆ. ಅನ್ನಲಿ. ಹೊಡೆತದಿಂದ ಮುರಿದ ಮನೆಯನ್ನು ಮುರಿದಿದೆ ಎಂದು ಹೇಳುವವರು ಮನೆ ಮುರಿದವರಾಗುವುದಿಲ್ಲ.

ನರಸಮ್ಮನವರು ಕರೆದ ಮನೆಗೆಲ್ಲ ಹೋದರು. ಗಂಡು ಹುಟ್ಟಿದರೂ ಹೆಣ್ಣು ಹುಟ್ಟಿದರೂ ಅವರ ಕೈ ಒಂದೇ ರೀತಿ ಮಗುವನ್ನು ಎತ್ತಿಕೊಂಡಿತು. ತಾವು ಹೋದ ಮೇಲೆ ಕೆಲಸ ನಿಲ್ಲಬಾರದೆಂದು 180 ಮಂದಿಗೆ ಕಲಿಸಿ ಹೋದರು. ಅವರಿಗೆ ಮಾಲೆ ಹಾಕಿದ ಫೋಟೋ ನಮ್ಮ ಕಚೇರಿಯಲ್ಲಿರಲಿ, ಬೇಡವೆನ್ನುವುದಿಲ್ಲ. ಆದರೆ ಅವರು ಭೂಮಿಗೆ ಇಳಿಸಿದ ಅಷ್ಟು ಹೆಣ್ಣುಮಕ್ಕಳ ಹಾಗೆ ನಮ್ಮ ಊರುಗಳಲ್ಲಿಯೂ ಹೆಣ್ಣುಮಕ್ಕಳು ಹುಟ್ಟಿದ್ದಾರೆ. ಅವರು ಗಂಡನ ಮನೆಯಲ್ಲಿ ಹೇಗಿದ್ದಾರೆ ಎಂದು ಈ ವಾರವೇ ಹೋಗಿ ನೋಡಿ ಬನ್ನಿ.